ಕಾರಿನ ಪರದೆ ತೋರಿಸುವ ಎತ್ತರವನ್ನು ಎಷ್ಟು ನಂಬಬಹುದು?

ಲಡಾಖಿನ ಖರ್ದುಂಗ್ ಲಾ ಪಾಸ್‌ನ ನೆತ್ತಿಯಲ್ಲಿ ಬಹಳ ವರ್ಷ ಒಂದು ಫಲಕ ನಿಂತಿತ್ತು: ಎತ್ತರ 18,380 ಅಡಿ, ವಾಹನ ಓಡುವ ರಸ್ತೆಗಳಲ್ಲಿ ಜಗತ್ತಿಗೇ ಎತ್ತರದ್ದು. ಬೆಂಗಳೂರು, ಹುಬ್ಬಳ್ಳಿ, ಮೈಸೂರುಗಳಿಂದ ಅಲ್ಲಿಯವರೆಗೆ ಗಾಡಿ ಓಡಿಸಿಕೊಂಡು ಹೋದ ಎಷ್ಟೋ ಕನ್ನಡಿಗರು ಆ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ. ಆದರೆ ಗಾಡಿಯಲ್ಲಿದ್ದ ಜಿಪಿಎಸ್ ತೋರಿಸುತ್ತಿದ್ದದ್ದು ಅದಕ್ಕಿಂತ ಸುಮಾರು 800 ಅಡಿ ಕಡಿಮೆ. ಫಲಕ ಸರ್ಕಾರದ್ದು, ಸಾಧನ ಅಂಗಡಿಯಲ್ಲಿ ಕೊಂಡದ್ದು. ಹಾಗಾಗಿ ಫಲಕವನ್ನೇ ನಂಬುವುದು ಸಹಜ. ಸರಿಯಿದ್ದದ್ದು ಮಾತ್ರ ಸಾಧನ. ಆಮೇಲೆ ನಡೆದ ಎಚ್ಚರಿಕೆಯ ಜಿಪಿಎಸ್ ಅಳತೆಗಳ ಪ್ರಕಾರ ಆ ಪಾಸ್‌ನ ಎತ್ತರ 5,359 ಮೀಟರ್, ಅಂದರೆ 17,582 ಅಡಿ.

ಈಗ ಅದೇ ಬಗೆಯ ರಿಸೀವರ್ ಇರುವ ಫೋನನ್ನು ಮಂಗಳೂರಿನ ಪಣಂಬೂರು ಕಡಲತೀರಕ್ಕೆ ತನ್ನಿ. ಅಲೆ ಬಂದು ಪಾದ ತೋಯಿಸುವ ಜಾಗದಲ್ಲಿ ನಿಂತು ಕೆಲವು ಆಂಡ್ರಾಯ್ಡ್ ಆ್ಯಪ್‌ಗಳನ್ನು ತೆರೆದರೆ, ಎತ್ತರ ಎಂದಿರುವ ಕಡೆ ಮೈನಸ್ 80 ಮೀಟರನ್ನೂ ಮೀರಿದ ಅಂಕಿ ಕಾಣುತ್ತದೆ. ಸಮುದ್ರದ ಪಕ್ಕದಲ್ಲೇ ನಿಂತವರು ಸಮುದ್ರ ಮಟ್ಟಕ್ಕಿಂತ ಎಂಬತ್ತು ಮೀಟರ್ ಕೆಳಗಿದ್ದಾರೆ ಎನ್ನುತ್ತದೆ ಯಂತ್ರ. ಖರ್ದುಂಗ್ ಲಾದಲ್ಲಿ ಸರ್ಕಾರಿ ಫಲಕವನ್ನೇ ತಿದ್ದಬಲ್ಲ ಸಾಧನ ಪಣಂಬೂರಿನಲ್ಲಿ ಇಷ್ಟು ದೊಡ್ಡ ತಪ್ಪು ಮಾಡುವುದು ಹೇಗೆ? ಕಾರಿನ ನ್ಯಾವಿಗೇಶನ್ ತೋರಿಸುವ ಎತ್ತರದ ನಿಖರತೆಯ ಪ್ರಶ್ನೆ ಇರುವುದೇ ಇಲ್ಲಿ. ಪರದೆಯ ಮೇಲೆ ಕಾಣುವುದು ಒಂದೇ ಅಂಕಿ. ಅದು ಬಂದಿರಬಹುದಾದ ದಾರಿಗಳು ಕನಿಷ್ಠ ಮೂರು, ಪ್ರತಿ ದಾರಿಯ ತಪ್ಪಿನ ಸ್ವಭಾವವೂ ಬೇರೆ. ಅಂಕಿ ಯಾವ ದಾರಿಯಿಂದ ಬಂತು ಎಂದು ತಿಳಿಯದೆ ಅದನ್ನು ನಂಬಬೇಕೋ ಬಿಡಬೇಕೋ ಎಂದು ಹೇಳಲಾಗದು.

ಮೊದಲ ದಾರಿ ಉಪಗ್ರಹಗಳದ್ದು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಸಮಯವನ್ನೂ ಸ್ಥಾನವನ್ನೂ ಬಿತ್ತರಿಸುತ್ತಲೇ ಇರುತ್ತವೆ. ಸಂಕೇತ ಎಷ್ಟು ತಡವಾಗಿ ತಲುಪಿತು ಎಂಬುದರಿಂದ ರಿಸೀವರ್ ಪ್ರತಿ ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸಾಗುವುದು 30 ಸೆಂಟಿಮೀಟರ್. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇರುತ್ತದೆ. ಕಾರಿನಲ್ಲಿರುವುದು ಅಗ್ಗದ ಸ್ಫಟಿಕದ ಗಡಿಯಾರ. ಆದ್ದರಿಂದ ರಿಸೀವರ್ ಕಂಡುಹಿಡಿಯಬೇಕಾದ್ದು ಮೂರಲ್ಲ, ನಾಲ್ಕು ಸಂಗತಿಗಳನ್ನು: ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ತನ್ನದೇ ಗಡಿಯಾರದ ತಪ್ಪು. ನಾಲ್ಕು ಉಪಗ್ರಹಗಳಾದರೂ ಕಾಣಬೇಕು ಎನ್ನುವುದು ಇದೇ ಕಾರಣಕ್ಕೆ.

ಈ ನಾಲ್ಕರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಎತ್ತರ. ಚಪ್ಪರದ ಕಂಬವನ್ನು ನಾಲ್ಕೂ ದಿಕ್ಕಿನಿಂದ ಹಗ್ಗ ಎಳೆದು ಕಟ್ಟಿದರೆ ಅದು ಆಚೀಚೆ ಅಲುಗುವುದಿಲ್ಲ. ಹಾಗೆಯೇ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳಲ್ಲಿ ಉಪಗ್ರಹಗಳಿದ್ದರೆ ಅಡ್ಡಲಾದ ಸ್ಥಾನ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಕೆಳಗಿನಿಂದ ಎಳೆಯುವ ಹಗ್ಗ ಇಲ್ಲ. ನಮ್ಮ ಕಾಲಡಿಯ ಕಡೆಗಿರುವ ಉಪಗ್ರಹಗಳನ್ನು ಭೂಮಿಯೇ ಮರೆಮಾಡುತ್ತದೆ, ಸಿಗುವ ಸಂಕೇತಗಳೆಲ್ಲ ಮೇಲಿನವೇ. ಅದರ ಜೊತೆಗೆ, ಗಡಿಯಾರದಲ್ಲಿ ಸ್ವಲ್ಪ ತಪ್ಪಿದ್ದರೆ ಎಲ್ಲ ಉಪಗ್ರಹಗಳೂ ಒಂದೇ ಸಮನೆ ದೂರವಾದಂತೆ ತೋರುತ್ತದೆ. ಕಾರು ಸ್ವಲ್ಪ ಕೆಳಗಿಳಿದರೂ ಹೆಚ್ಚು ಕಡಿಮೆ ಹಾಗೆಯೇ ತೋರುತ್ತದೆ. ಇವೆರಡನ್ನೂ ಬೇರ್ಪಡಿಸಲು ದಿಗಂತದ ಹತ್ತಿರದ ಉಪಗ್ರಹಗಳು ಬೇಕು, ಆದರೆ ಅವುಗಳ ಸಂಕೇತವೇ ವಾತಾವರಣದಲ್ಲಿ ಅತಿ ಉದ್ದದ ದಾರಿ ಸವೆಸಿ ಹೆಚ್ಚು ಕೆಟ್ಟು ಬರುವುದು. ಎತ್ತರದ ತಪ್ಪು ಅಡ್ಡಲಾದ ತಪ್ಪಿಗಿಂತ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು ಇರುವುದಕ್ಕೆ ಯಾವ ಕಂಪನಿಯ ಕಳಪೆ ಕೆಲಸವೂ ಕಾರಣವಲ್ಲ, ಜ್ಯಾಮಿತಿಯೇ ಕಾರಣ.

ಅಮೆರಿಕ ಸರ್ಕಾರ ನಾಗರಿಕ ಜಿಪಿಎಸ್ ಸೇವೆಗೆ ತಾನೇ ಪ್ರಕಟಿಸಿರುವ ಮಾನದಂಡವೂ ಇದನ್ನು ಒಪ್ಪಿಕೊಂಡಿದೆ. 2020ರ ಆವೃತ್ತಿಯ ಪ್ರಕಾರ ನೂರರಲ್ಲಿ 95 ಬಾರಿ ಜಾಗತಿಕ ಸರಾಸರಿ ತಪ್ಪು ಅಡ್ಡಲಾಗಿ 8 ಮೀಟರ್, ಎತ್ತರದಲ್ಲಿ 13 ಮೀಟರ್ ಮೀರಬಾರದು. ಪರಿಸ್ಥಿತಿ ಅತಿ ಕೆಟ್ಟಿರುವ ಜಾಗದಲ್ಲಿ ಇದೇ ಮಿತಿ 15 ಮತ್ತು 33 ಮೀಟರ್. ಗಮನಿಸಬೇಕಾದ್ದೆಂದರೆ, ಇದು ಉಪಗ್ರಹದ ಕಡೆಯ ತಪ್ಪಿನ ಲೆಕ್ಕ ಮಾತ್ರ. ವಾತಾವರಣ, ಕಟ್ಟಡ, ಮರ, ಕಾರಿನ ಲೋಹದ ಮಾಡು, ರಿಸೀವರ್‌ನ ದೌರ್ಬಲ್ಯ ಯಾವುದೂ ಇದರಲ್ಲಿ ಸೇರಿಲ್ಲ. ಹಾಗೆಂದು ಹಿಂದಿನ ಸ್ಥಿತಿಯನ್ನು ಮರೆಯಬಾರದು. ಸೇನೆಯ ಕಾರಣಕ್ಕೆ ಸಂಕೇತವನ್ನು ಬೇಕೆಂದೇ ಕೆಡಿಸುವ ಪದ್ಧತಿ 2000ದ ಮೇ ತಿಂಗಳವರೆಗೂ ಇತ್ತು, ಆಗ ಎತ್ತರದಲ್ಲಿ 156 ಮೀಟರಿನಷ್ಟು ತಪ್ಪಿಗೆ ಅಧಿಕೃತ ಮಾನದಂಡದಲ್ಲೇ ಅವಕಾಶವಿತ್ತು. ಜಿಪಿಎಸ್ ಎತ್ತರ ತೀರಾ ಸುಳ್ಳು ಎಂಬ ಮಾತು ಹುಟ್ಟಿದ್ದು ಆ ಕಾಲದಲ್ಲಿ. ಇವತ್ತಿಗೂ ಅದನ್ನೇ ಹೇಳುತ್ತ ಕೂರುವುದು ನ್ಯಾಯವಲ್ಲ.

ವಾತಾವರಣದ ವಿಷಯದಲ್ಲಿ ದಕ್ಷಿಣ ಭಾರತದ ಪಾಡು ಯುರೋಪಿನ ಪಾಡಿಗಿಂತ ಕಷ್ಟದ್ದು. ಮೇಲ್ವಾತಾವರಣದ ಅಯಾನುಗೋಳದಲ್ಲಿರುವ ಎಲೆಕ್ಟ್ರಾನುಗಳು ಸಂಕೇತವನ್ನು ತಡೆದು ತಡ ಮಾಡುತ್ತವೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ನಮ್ಮ ಪರ್ಯಾಯದ್ವೀಪದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ, ಅದರ ಎರಡೂ ಬದಿ ಎಲೆಕ್ಟ್ರಾನುಗಳು ದಟ್ಟವಾಗಿ ಕೂಡುತ್ತವೆ. ಮಧ್ಯಾಹ್ನದ ಮೇಲೆ ಇದರ ಕಾಟ ಜಾಸ್ತಿ, ಸೂರ್ಯ ಮುಳುಗಿದ ಮೇಲೂ ಕೆಲವು ತಾಸು ಸಂಕೇತ ಮಿಡುಕುತ್ತದೆ. ಇದನ್ನು ತಿದ್ದಲೆಂದೇ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ‘ಗಗನ್’ ವ್ಯವಸ್ಥೆ ಕಟ್ಟಿದವು. ದೇಶದ ಹದಿನೈದು ಕಡೆ ಇರುವ ಕೇಂದ್ರಗಳು ಜಿಪಿಎಸ್‌ನ ತಪ್ಪನ್ನು ಅಳೆದು ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರಕ್ಕೆ ಕಳಿಸುತ್ತವೆ. ಅಲ್ಲಿ ತಯಾರಾದ ತಿದ್ದುಪಡಿ ಭೂಸ್ಥಿರ ಉಪಗ್ರಹಗಳ ಮೂಲಕ ದೇಶದ ತುಂಬ ಬಿತ್ತರವಾಗುತ್ತದೆ. ವಿಮಾನ ಇಳಿಯುವಾಗ ಎತ್ತರದ ಮಾರ್ಗದರ್ಶನಕ್ಕೂ ಇದನ್ನು ಬಳಸಬಹುದು ಎಂಬ ಪ್ರಮಾಣಪತ್ರ 2015ರ ಏಪ್ರಿಲ್‌ನಲ್ಲಿ ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊ ವಿಮಾನವೊಂದು ಗಗನ್ ನೆರವಿನಿಂದಲೇ ಇಳಿಯಿತು. ಈ ಸಂಕೇತ ಕಾರಿಗೂ ಉಚಿತ. ರಿಸೀವರ್‌ನಲ್ಲಿ ಅದನ್ನು ಹಿಡಿಯುವ ಸೌಲಭ್ಯ ಇರಬೇಕು, ಅದು ಆನ್ ಆಗಿರಬೇಕು, ಅಷ್ಟೇ.

ಈವರೆಗೆ ಹೇಳಿದ ತಪ್ಪುಗಳನ್ನೆಲ್ಲ ಕೂಡಿಸಿದರೂ ಪಣಂಬೂರಿನ ಮೈನಸ್ ಎಂಬತ್ತು ಮೀಟರಿಗೆ ಉತ್ತರ ಸಿಗುವುದಿಲ್ಲ. ಅದರ ಮೂಲ ಬೇರೆ. ಎತ್ತರ ಎಂದರೆ ಯಾವುದರಿಂದ ಎತ್ತರ ಎಂಬುದನ್ನು ಉಪಗ್ರಹಗಳು ತಮ್ಮದೇ ರೀತಿಯಲ್ಲಿ ತೀರ್ಮಾನಿಸಿಕೊಂಡಿವೆ. ಅವುಗಳ ಲೆಕ್ಕಕ್ಕೆ ಸಮುದ್ರ ಗೊತ್ತಿಲ್ಲ. ಗೊತ್ತಿರುವುದು ಎಲಿಪ್ಸಾಯ್ಡ್ ಎಂಬ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗಣಿತದ ಗೋಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378,137 ಮೀಟರ್, ಧ್ರುವದಲ್ಲಿ ಅದಕ್ಕಿಂತ ಸುಮಾರು 21 ಕಿಲೋಮೀಟರ್ ಕಡಿಮೆ. ಈ ಗೋಲದ ಮೈ ನುಣುಪು. ನಿಜವಾದ ಸಮುದ್ರದ ಮೈ ಹಾಗಿಲ್ಲ. ಭೂಮಿಯೊಳಗಿನ ದ್ರವ್ಯ ಒಂದೇ ಸಮನಾಗಿ ಹಂಚಿಕೆಯಾಗಿಲ್ಲದ ಕಾರಣ ಗುರುತ್ವ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ನೀರು ಅದನ್ನೇ ಅನುಸರಿಸಿ ಒಂದೆಡೆ ಉಬ್ಬಿ ಇನ್ನೊಂದೆಡೆ ತಗ್ಗುತ್ತದೆ. ಗಾಳಿ, ಪ್ರವಾಹ, ಭರತ ಇಳಿತ ಇಲ್ಲದಿದ್ದರೆ ಸಮುದ್ರ ತಾಳುವ ಈ ಆಕಾರವನ್ನು, ನೆಲದ ಅಡಿಗೂ ಮುಂದುವರಿಸಿ ಊಹಿಸಿಕೊಂಡಾಗ, ಜಿಯಾಯ್ಡ್ ಎನ್ನುತ್ತಾರೆ. ನಾವು ಸಮುದ್ರ ಮಟ್ಟದಿಂದ ಎತ್ತರ ಎನ್ನುವುದು ಇದರಿಂದ ಅಳೆದದ್ದು.

ಇಡೀ ಜಗತ್ತಿನಲ್ಲಿ ಈ ಜಿಯಾಯ್ಡ್ ಅತಿ ಆಳಕ್ಕೆ ಕುಸಿದಿರುವುದು ನಮ್ಮ ಪಕ್ಕದಲ್ಲೇ, ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರದ ಮೈ ಗಣಿತದ ಗೋಲಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಇದಕ್ಕೆ ಕಾರಣ ಹುಡುಕಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದಾರೆ. ಆಫ್ರಿಕಾದ ಕಡೆಯಿಂದ ಭೂಗರ್ಭದಲ್ಲಿ ಹರಿದು ಬಂದ ಬಿಸಿಯಾದ, ಹಗುರ ದ್ರವ್ಯವೇ ಈ ತಗ್ಗಿಗೆ ಮುಖ್ಯ ಕಾರಣ ಎಂದು 2023ರಲ್ಲಿ ಅವರು ಪ್ರಕಟಿಸಿದರು. ಆ ತಗ್ಗಿನ ಇಳಿಜಾರಿನಲ್ಲೇ ಕರ್ನಾಟಕ ಇದೆ. ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ, ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ ಉಪಗ್ರಹ ಸಂಕೇತ ಕೇಂದ್ರವನ್ನು ನೋಡಿ: ಗಣಿತದ ಗೋಲದಿಂದ ಅದರ ಎತ್ತರ ಸುಮಾರು 844 ಮೀಟರ್, ಸಮುದ್ರ ಮಟ್ಟದಿಂದ ಸುಮಾರು 930. ನಡುವಿನ ವ್ಯತ್ಯಾಸ 86 ಮೀಟರ್. ಕುತುಬ್ ಮಿನಾರಿನ ಎತ್ತರ ಸುಮಾರು 73 ಮೀಟರ್ ಎಂದು ನೆನಪಿಸಿಕೊಂಡರೆ ಈ ವ್ಯತ್ಯಾಸದ ಗಾತ್ರ ತಿಳಿಯುತ್ತದೆ. ಯಾವ ದೇಶದ ಬಳಕೆದಾರನಿಗೂ ಇದಕ್ಕಿಂತ ಬಹಳ ದೊಡ್ಡ ತಿದ್ದುಪಡಿ ಬೇಕಾಗುವುದಿಲ್ಲ. ಪರದೇಶದ ಲೇಖನ ಓದಿ ಎತ್ತರದ ತಪ್ಪು ಹತ್ತು ಹದಿನೈದು ಮೀಟರ್ ಎಂದು ನಂಬಿದ ಕನ್ನಡಿಗನಿಗೆ ಅಚ್ಚರಿ ಕಾದಿರುವುದು ಈ ಕಾರಣಕ್ಕೆ.

ಕಾರಿಗೆಂದೇ ಮಾಡಿದ ನ್ಯಾವಿಗೇಶನ್ ಸಾಧನಗಳು ಈ ತಿದ್ದುಪಡಿಯನ್ನು ಬಹುಮಟ್ಟಿಗೆ ತಾವೇ ಮಾಡುತ್ತವೆ. ರಿಸೀವರ್ ಚಿಪ್ ಪ್ರತಿ ಸೆಕೆಂಡಿಗೆ ಹೊರಗೆ ಕಳಿಸುವ ಸಾಲುಗಳಲ್ಲಿ ‘ಜಿಜಿಎ’ ಎಂಬುದೊಂದಿದೆ. ಅದರಲ್ಲಿ ಸಮಯ, ಅಕ್ಷಾಂಶ, ರೇಖಾಂಶ, ಲೆಕ್ಕಕ್ಕೆ ತೆಗೆದುಕೊಂಡ ಉಪಗ್ರಹಗಳ ಸಂಖ್ಯೆ, ಆಮೇಲೆ ಸಮುದ್ರ ಮಟ್ಟದಿಂದ ಎತ್ತರ, ಅದರ ಪಕ್ಕದಲ್ಲೇ ಆ ಎತ್ತರ ಪಡೆಯಲು ಬಳಸಿದ ಜಿಯಾಯ್ಡ್ ವ್ಯತ್ಯಾಸ ಇರುತ್ತವೆ. ಇದನ್ನು ತೋರಿಸುವ ಉಚಿತ ಆ್ಯಪ್‌ಗಳಿವೆ. ಬೆಂಗಳೂರಿನಲ್ಲಿ ತೆರೆದು ನೋಡಿದರೆ ಕೊನೆಯ ಅಂಕಿ ಮೈನಸ್ 86ರ ಆಸುಪಾಸು ಇರಬೇಕು. ಅಲ್ಲಿ ಸೊನ್ನೆ ಇದ್ದರೆ ಅಥವಾ ಜಾಗ ಖಾಲಿ ಇದ್ದರೆ ತಿದ್ದುಪಡಿ ನಡೆದಿಲ್ಲ ಎಂದೇ ಅರ್ಥ. ತಿದ್ದುಪಡಿ ನಡೆದರೂ ಅದು ಎಷ್ಟು ಒರಟು ಎಂಬ ಪ್ರಶ್ನೆ ಉಳಿಯುತ್ತದೆ. ಮೆಮೊರಿ ದುಬಾರಿಯಾಗಿದ್ದ ಕಾಲದ ರಿಸೀವರ್‌ಗಳಲ್ಲಿ ಹತ್ತು ಡಿಗ್ರಿಗೊಂದರಂತೆ ಬೆಲೆ ಬರೆದಿಟ್ಟ ಕೋಷ್ಟಕ ಬಳಕೆಯಲ್ಲಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಅಂಥ ಒಂದೇ ಚೌಕದೊಳಗೆ ಕೂತುಬಿಡುತ್ತದೆ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವಷ್ಟರಲ್ಲಿ ನಿಜವಾದ ವ್ಯತ್ಯಾಸವೇ ಸುಮಾರು ಹತ್ತು ಮೀಟರ್ ಬದಲಾಗುವಾಗ, ನಾಲ್ಕು ಮೂಲೆಗಳ ಬೆಲೆಯಿಂದ ನಡುವಿನದನ್ನು ಅಂದಾಜು ಮಾಡಿದರೆ ಕೆಲವು ಮೀಟರ್ ಏರುಪೇರಾಗುವುದು ಖಂಡಿತ.

ಫೋನಿನ ಕಥೆ ಇನ್ನೂ ಗೋಜಲಿನದು. ಕಾರಿನ ಪರದೆಗೆ ಫೋನನ್ನೇ ಜೋಡಿಸಿಕೊಂಡು ಓಡಿಸುವವರು ಈಗ ಹೆಚ್ಚು, ಹಾಗಾಗಿ ಇದನ್ನು ಬಿಡುವಂತಿಲ್ಲ. ಆಂಡ್ರಾಯ್ಡ್ ವ್ಯವಸ್ಥೆ ಆ್ಯಪ್‌ಗಳಿಗೆ ಕೊಡುತ್ತ ಬಂದಿರುವ ಎತ್ತರ ಗಣಿತದ ಗೋಲದಿಂದ ಅಳೆದದ್ದು. ಅದನ್ನು ಸಮುದ್ರ ಮಟ್ಟಕ್ಕೆ ತಿರುಗಿಸುವ ಹೊಣೆ ಆ್ಯಪ್ ಬರೆದವರದು. ಆ ಕೆಲಸ ಮಾಡಿಕೊಡುವ ಸೌಲಭ್ಯ ಆಂಡ್ರಾಯ್ಡ್‌ನಲ್ಲೇ ಬಂದದ್ದು 14ನೇ ಆವೃತ್ತಿಯಲ್ಲಿ. ಐಫೋನು ಮೊದಲಿನಿಂದಲೂ ಸಮುದ್ರ ಮಟ್ಟದ ಎತ್ತರವನ್ನೇ ಕೊಡುತ್ತದೆ. ಒಂದೇ ಕಾರಿನಲ್ಲಿ ಕುಳಿತ ಇಬ್ಬರ ಫೋನುಗಳು ಎಂಬತ್ತು ತೊಂಬತ್ತು ಮೀಟರ್ ವ್ಯತ್ಯಾಸ ತೋರಿಸಿದಾಗ ಒಂದು ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ಎರಡೂ ತಮ್ಮ ತಮ್ಮ ಸೊನ್ನೆಯಿಂದ ಸರಿಯಾಗಿಯೇ ಅಳೆದಿರಬಹುದು. ಬಳಕೆದಾರನಿಗೆ ಇದನ್ನು ಹೇಳದೆ ಬರೀ ಎತ್ತರ ಎಂದು ಬರೆದು ಬಿಡುವ ಆ್ಯಪ್ ತಯಾರಕರ ಅಲಕ್ಷ್ಯವನ್ನು ಮಾತ್ರ ನಾನು ಒಪ್ಪಲಾರೆ. ಭಾರತದಲ್ಲಿ ಮಾರುವವರು ಭಾರತದ ಜಿಯಾಯ್ಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಸಮುದ್ರ ಮಟ್ಟ ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಭಾರತದ ಎತ್ತರಗಳಿಗೆ ಆಧಾರವಾದ ಸೊನ್ನೆಯನ್ನು ಬ್ರಿಟಿಷರ ಕಾಲದಲ್ಲಿ ಒಂಬತ್ತು ಬಂದರುಗಳ ಭರತ ಇಳಿತದ ದಾಖಲೆಗಳಿಂದ ಗೊತ್ತುಮಾಡಿದರು. ಆ ಲೆಕ್ಕ 1909ರದು ಎಂದು ಗುರುತಿಸಲಾಗಿದೆ. ಕರಾಚಿ, ಮುಂಬಯಿ, ಮದ್ರಾಸುಗಳ ಜೊತೆ ನಮ್ಮ ಕಾರವಾರವೂ ಆ ಒಂಬತ್ತರಲ್ಲಿ ಒಂದು. ಅಲ್ಲಿಂದ ಒಳನಾಡಿಗೆ ಹೆಜ್ಜೆ ಹೆಜ್ಜೆಗೂ ಲೆವೆಲ್ ಹಿಡಿದು ಎತ್ತರವನ್ನು ಕೊಂಡೊಯ್ದು, ಕಲ್ಲಿನ ಮೇಲೆ ಬೆಂಚ್ ಮಾರ್ಕ್ ಕೆತ್ತಿದರು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಬರೆದಿರುವ ಎತ್ತರವೂ ಸಮುದ್ರ ಮಟ್ಟದಿಂದ ಲೆಕ್ಕ ಹಿಡಿದದ್ದೇ. ಜರ್ಮನಿಯ ಎತ್ತರಗಳ ಮೂಲ ಉತ್ತರ ಸಮುದ್ರ, ಸ್ವಿಟ್ಜರ್ಲೆಂಡಿನದು ಮೆಡಿಟರೇನಿಯನ್. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ. ಗಡಿಯ ಲೌಫೆನ್‌ಬುರ್ಗ್‌ನಲ್ಲಿ ರೈನ್ ನದಿಗೆ ಸೇತುವೆ ಕಟ್ಟುವಾಗ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. ಆದರೆ ತಿದ್ದುಪಡಿಯನ್ನು ಕೂಡಿಸುವ ಬದಲು ಕಳೆದ ಕಾರಣ ಎರಡೂ ದಡದಿಂದ ಬಂದ ಕಾಮಗಾರಿ 54 ಸೆಂಟಿಮೀಟರ್ ಹೆಚ್ಚು ಕಡಿಮೆಯಾಯಿತು. ಇದು ಬಯಲಾದದ್ದು 2003ರಲ್ಲಿ. ಸೇತುವೆಗೆ ಅದು ದೊಡ್ಡ ತಪ್ಪು; ಕಾರಿನ ಪರದೆಗೆ ಲೆಕ್ಕಕ್ಕೇ ಇಲ್ಲ.

ಎರಡನೆಯ ದಾರಿ ನಕ್ಷೆಯದು. ಅನೇಕ ನ್ಯಾವಿಗೇಶನ್ ವ್ಯವಸ್ಥೆಗಳು ಉಪಗ್ರಹದಿಂದ ಅಕ್ಷಾಂಶ ರೇಖಾಂಶ ಮಾತ್ರ ತೆಗೆದುಕೊಂಡು, ಆ ಜಾಗದ ಎತ್ತರವನ್ನು ಮೊದಲೇ ಸಿದ್ಧವಾಗಿರುವ ಭೂಮೇಲ್ಮೈ ಮಾದರಿಯಿಂದ ಓದಿ ಹೇಳುತ್ತವೆ. ಇಂಥ ಮಾದರಿಗಳಲ್ಲಿ ಹೆಸರುವಾಸಿಯಾದದ್ದು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನಗಳಲ್ಲಿ ರೇಡಾರಿನಿಂದ ಅಳೆದದ್ದು. ಭೂಮಿಯ ನೆಲಭಾಗದ ಸುಮಾರು ಶೇಕಡ 80ರಷ್ಟನ್ನು ಅದು ಅಳೆಯಿತು. ಮೂವತ್ತು ಮೀಟರಿಗೊಂದು ಎತ್ತರ ಸಿಗುವ ಆ ಮಾಹಿತಿ ಈಗ ಎಲ್ಲರಿಗೂ ಉಚಿತ. 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ಇಸ್ರೊ ಕಟ್ಟಿದ ಮಾದರಿ ಭುವನ್ ತಾಣದಲ್ಲಿ ಸಿಗುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ, ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವಾಗಿನಂಥ ದಾರಿಯಲ್ಲಿ, ನಕ್ಷೆಯಿಂದ ಬಂದ ಎತ್ತರ ಅಲುಗಾಡದೆ ನಿಲ್ಲುತ್ತದೆ. ಅಂಥಲ್ಲಿ ನನ್ನ ಮತ ನಕ್ಷೆಗೇ.

ಘಾಟಿಯಲ್ಲಿ ಚಿತ್ರ ಬದಲಾಗುತ್ತದೆ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಏರು. ಪಶ್ಚಿಮಕ್ಕೆ ಮುಖ ಮಾಡಿದ ಕಡಿದಾದ ಗೋಡೆಯಂಥ ಬೆಟ್ಟದ ಮೈಗೆ ರಸ್ತೆ ಅಂಟಿಕೊಂಡಿದೆ, ಪೂರ್ವದ ಆಕಾಶವನ್ನು ಬೆಟ್ಟವೇ ಮುಚ್ಚಿದೆ, ಉಳಿದದ್ದನ್ನು ಮಳೆಕಾಡಿನ ಮರಗಳು ಮುಚ್ಚಿವೆ. ಕಂಡ ಕೆಲವೇ ಉಪಗ್ರಹಗಳಿಂದ ಸ್ಥಾನ ಹತ್ತು ಮೀಟರ್ ಅತ್ತಿತ್ತ ಆಯಿತೆನ್ನಿ. ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಅಡ್ಡಲಾಗಿ ಹತ್ತು ಮೀಟರ್ ಸರಿದರೆ ನಕ್ಷೆಯ ಎತ್ತರವೂ ಹತ್ತು ಮೀಟರ್ ಸರಿಯುತ್ತದೆ. ಮೂವತ್ತು ಮೀಟರಿನ ಚೌಕಕ್ಕೆ ಒಂದೇ ಎತ್ತರ ಎಂದರೆ ಮೇಲಿನ ತಿರುವು, ಕೆಳಗಿನ ತಿರುವು, ನಡುವಿನ ಕಮರಿ ಒಂದೇ ಚೌಕದೊಳಗೆ ಬೆರೆತುಹೋಗುವುದೂ ಉಂಟು. ರೇಡಾರ್ ಅಲೆ ದಟ್ಟ ಕಾಡಿನಲ್ಲಿ ನೆಲದವರೆಗೆ ಇಳಿಯದ ಕಾರಣ ಅಲ್ಲಿ ಅಳತೆಯಾಗಿರುವುದು ನೆಲಕ್ಕಿಂತ ಹೆಚ್ಚಾಗಿ ಮರಗಳ ಮೇಲ್ಚಪ್ಪರ. ಘಾಟಿ ರಸ್ತೆಗಳನ್ನು ಎಂಜಿನಿಯರುಗಳು ನೂರು ಮೀಟರಿಗೆ ಐದಾರು ಮೀಟರ್ ಏರುವಂತೆ ಕಟ್ಟುತ್ತಾರೆ. ನಕ್ಷೆಯ ಎತ್ತರದಿಂದ ಲೆಕ್ಕ ಹಾಕಿದ ಆ್ಯಪ್‌ಗಳು ಅದೇ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಮೀಟರ್ ಏರಿದಂತೆಯೂ ಮರುಕ್ಷಣವೇ ಇಳಿದಂತೆಯೂ ತೋರಿಸುವುದಕ್ಕೆ ಇವೇ ಕಾರಣ.

ಸುರಂಗ, ಸೇತುವೆಗಳಲ್ಲಿ ನಕ್ಷೆಯ ಎತ್ತರಕ್ಕೆ ಅರ್ಥವೇ ಇಲ್ಲ. ಹಿಮಾಚಲದ ಅಟಲ್ ಸುರಂಗ ಸುಮಾರು 3,100 ಮೀಟರ್ ಎತ್ತರದಲ್ಲಿ ಒಂಬತ್ತು ಕಿಲೋಮೀಟರ್ ಬೆಟ್ಟದ ಹೊಟ್ಟೆಯೊಳಗೆ ಸಾಗುತ್ತದೆ. ಮಾದರಿಗೆ ಗೊತ್ತಿರುವುದು ಮೇಲಿನ ಬೆಟ್ಟ ಮಾತ್ರ. ಉಪಗ್ರಹವೂ ಕಾಣದ ಅಲ್ಲಿ ಒಳ್ಳೆಯ ಕಾರುಗಳು ಚಕ್ರದ ವೇಗ, ತಿರುಗುವಿಕೆ, ಮುಂಭಾಗ ಎಷ್ಟು ಎತ್ತಿದೆ ಎಂಬುದನ್ನು ಅಳೆಯುವ ತಮ್ಮದೇ ಸಂವೇದಕಗಳಿಂದ ಲೆಕ್ಕ ಮುಂದುವರಿಸುತ್ತವೆ.

ಮೂರನೆಯ ದಾರಿ ವಾಯುಭಾರ. ಇದು ಮೂರರಲ್ಲೂ ಹಳೆಯದು, ಜನ ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ಬಹಳ ಸೂಕ್ಷ್ಮವಾದದ್ದು. ಮೇಲೇರಿದಂತೆ ಗಾಳಿಯ ಒತ್ತಡ ಪ್ರತಿ ಎಂಟೊಂಬತ್ತು ಮೀಟರಿಗೆ ಒಂದು ಹೆಕ್ಟಾಪಾಸ್ಕಲ್‌ನಂತೆ ಇಳಿಯುತ್ತದೆ. ಫೋನಿನೊಳಗಿನ ಅಕ್ಕಿಕಾಳಿನಷ್ಟು ಚಿಕ್ಕ ಸಂವೇದಕ ಒಂದು ಮಹಡಿ ಹತ್ತಿ ಇಳಿದದ್ದನ್ನೂ ಗುರುತಿಸುತ್ತದೆ. ಐಫೋನಿಗೆ ಇದು ಬಂದದ್ದು 2014ರ ಮಾದರಿಯಲ್ಲಿ. ತೊಂದರೆ ಇರುವುದು ಹವೆಯಲ್ಲಿ. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಬಾರಿ ತಾನಾಗಿಯೇ ಏರಿ ಇಳಿಯುತ್ತದೆ: ಬೆಳಗಿನ ಹತ್ತರ ಸುಮಾರಿಗೆ ಅತಿ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಅತಿ ಕಡಿಮೆ, ನಡುವೆ ಮೂರು ನಾಲ್ಕು ಹೆಕ್ಟಾಪಾಸ್ಕಲ್ ಅಂತರ. ಎಂದರೆ ಮನೆಯ ಮುಂದೆ ನಿಂತ ಕಾರು ಬೆಳಗಿನಿಂದ ಸಂಜೆಯೊಳಗೆ ಇದ್ದಲ್ಲೇ ಇಪ್ಪತ್ತೈದು ಮೂವತ್ತು ಮೀಟರ್ ಮೇಲೇರಿದಂತೆ ವಾಯುಭಾರದ ಎತ್ತರಮಾಪಕ ಹೇಳಬಹುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದ ದಿನಗಳಲ್ಲಿ ಇನ್ನೂ ಹೆಚ್ಚು. ಕಿಟಕಿ ಮುಚ್ಚಿ ಬ್ಲೋವರ್ ಜೋರು ಮಾಡಿದರೂ ಒಳಗಿನ ಒತ್ತಡದಲ್ಲಿ ಸಣ್ಣ ಬದಲಾವಣೆ ಆಗುತ್ತದೆ. ಆದರೂ ಅರ್ಧ ಗಂಟೆಯೊಳಗಿನ ಏರಿಳಿತವನ್ನು ಅಳೆಯಲು ಇದನ್ನು ಮೀರಿಸುವ ಅಗ್ಗದ ಉಪಾಯ ಇನ್ನೊಂದಿಲ್ಲ. ಅಮೆರಿಕದಲ್ಲಿ ತುರ್ತು ಕರೆ ಮಾಡಿದವರು ಯಾವ ಮಹಡಿಯಲ್ಲಿದ್ದಾರೆ ಎಂದು ತಿಳಿಯಲು ನೂರರಲ್ಲಿ 80 ಕರೆಗಳಿಗೆ ಮೂರು ಮೀಟರಿನೊಳಗಿನ ನಿಖರತೆ ಬೇಕು ಎಂಬ ನಿಯಮ 2019ರಲ್ಲಿ ಬಂದಾಗ, ಅದು ಸಾಧ್ಯವೆಂಬ ಭರವಸೆ ಕೊಟ್ಟಿದ್ದು ಮುಖ್ಯವಾಗಿ ಈ ಸಂವೇದಕವೇ.

ಕಾರು ಓಡಿಸುವವನಿಗೆ ಇದೆಲ್ಲ ಯಾಕೆ ಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನ ರಸ್ತೆಗಳೇ ಉತ್ತರ ಕೊಡುತ್ತವೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗಿನ ಎರಡು ಅಂತಸ್ತಿನ ಫ್ಲೈಓವರ್‌ನಲ್ಲಿ ಕೆಳಗೆ ರಸ್ತೆ, ಅದರ ಮೇಲೆ ಎಂಟು ಮೀಟರಿನ ಆಸುಪಾಸಿನಲ್ಲಿ ಇನ್ನೊಂದು ರಸ್ತೆ, ಅದರ ಮೇಲೆ ಮೆಟ್ರೊ. ಅಕ್ಷಾಂಶ ರೇಖಾಂಶ ಮೂರಕ್ಕೂ ಒಂದೇ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಲ್ಲೂ ಇದೇ ಕಥೆ. ಕಾರು ಮೇಲಿದೆಯೋ ಕೆಳಗಿದೆಯೋ ಎಂದು ಹೇಳಲು ಎಂಟು ಮೀಟರ್ ಬೇರ್ಪಡಿಸಬೇಕು. ಉಪಗ್ರಹದ ಎತ್ತರದ ಮಾನದಂಡವೇ ಹದಿಮೂರು ಮೀಟರ್. ಹೀಗಾಗಿ ನ್ಯಾವಿಗೇಶನ್ ಕೆಳಗಿನ ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗಿ ಎಂದಾಗ ಚಾಲಕ ಮೇಲ್ಸೇತುವೆಯ ನಡುವೆ ಇರುತ್ತಾನೆ. 2024ರ ಜುಲೈನಲ್ಲಿ ಗೂಗಲ್ ಮ್ಯಾಪ್ಸ್ ಭಾರತದ ನಲವತ್ತು ನಗರಗಳಲ್ಲಿ ಫ್ಲೈಓವರ್ ಹತ್ತಬೇಕೋ ಬೇಡವೋ ಎಂದು ಮೊದಲೇ ಹೇಳುವ ಸೌಲಭ್ಯ ಪ್ರಕಟಿಸಿತು. ಒಳ್ಳೆಯ ಕೆಲಸ. ಆದರೆ ಹತ್ತುವ ಮೊದಲು ಹೇಳುವುದು ಬೇರೆ, ಹತ್ತಿದ್ದನ್ನು ಕಂಡುಹಿಡಿಯುವುದು ಬೇರೆ. ರ‍್ಯಾಂಪ್ ಏರುವಾಗ ಆಗುವ ಒತ್ತಡದ ಇಳಿಕೆಯನ್ನು ಫೋನಿನ ಸಂವೇದಕ ಸ್ಪಷ್ಟವಾಗಿ ಹಿಡಿಯಬಲ್ಲದು, ಅದನ್ನು ಎಲ್ಲರೂ ಬಳಸಬೇಕು.

ವಿದ್ಯುತ್ ಕಾರುಗಳು ಬಂದ ಮೇಲೆ ಎತ್ತರಕ್ಕೆ ಇನ್ನೊಂದು ಬೆಲೆ ಬಂದಿದೆ. ಒಂದೂವರೆ ಟನ್ನಿನ ಕಾರು 500 ಮೀಟರ್ ಏರಬೇಕಾದರೆ, ಘರ್ಷಣೆಯನ್ನು ಬಿಟ್ಟು, ಏರುವುದಕ್ಕೇ ಎರಡು ಯೂನಿಟ್ ವಿದ್ಯುತ್ ಬೇಕು. ಶಿರಾಡಿ ಹತ್ತುವ ಮುನ್ನ ಬ್ಯಾಟರಿ ಸಾಲುತ್ತದೆಯೇ ಎಂದು ಹೇಳುವ ವ್ಯವಸ್ಥೆ ಈ ಲೆಕ್ಕ ಮಾಡಿರಬೇಕು. ಇಲ್ಲಿ ಸಮುದ್ರ ಮಟ್ಟ ಎಲ್ಲಿದೆ ಎಂಬುದು ಮುಖ್ಯವಲ್ಲ, ಬುಡಕ್ಕೂ ನೆತ್ತಿಗೂ ಇರುವ ಅಂತರ ಮುಖ್ಯ. 86 ಮೀಟರಿನ ಜಿಯಾಯ್ಡ್ ತಪ್ಪು ಎರಡೂ ಕಡೆ ಒಂದೇ ಆಗಿದ್ದು ಕಳೆದುಹೋಗುತ್ತದೆ. ಆದರೆ ಇಡೀ ದಾರಿಯಲ್ಲಿ ಒಟ್ಟು ಎಷ್ಟು ಏರಿದೆವು ಎಂಬ ಲೆಕ್ಕಕ್ಕೆ ಬಂದರೆ ಪ್ರತಿ ಸೆಕೆಂಡಿನ ಸಣ್ಣ ನಡುಕವೂ ಏರಿಕೆಯಾಗಿ ಸೇರುತ್ತ ಹೋಗಿ, ಸಮತಟ್ಟು ರಸ್ತೆಯಲ್ಲೇ ನೂರಾರು ಮೀಟರ್ ಹತ್ತಿದಂತೆ ಕಾಣುತ್ತದೆ. ಪ್ರವಾಸ ಮುಗಿದ ಮೇಲೆ ಆ್ಯಪ್ ಕೊಡುವ ಒಟ್ಟು ಏರಿಕೆಯ ಅಂಕಿಯನ್ನು ನಾನು ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ.

ಮುಂದೆ ಸುಧಾರಣೆ ಬರುವುದು ಖಚಿತ. ಎರಡು ತರಂಗಾಂತರಗಳನ್ನು ಒಟ್ಟಿಗೆ ಹಿಡಿಯುವ ಚಿಪ್ ಮೊದಲ ಬಾರಿಗೆ ಫೋನಿನಲ್ಲಿ ಬಂದದ್ದು 2018ರಲ್ಲಿ, ಶಿಯೋಮಿ ಮಿ 8 ಮಾದರಿಯಲ್ಲಿ. ಎರಡರ ತಡವನ್ನು ಹೋಲಿಸಿ ಅಯಾನುಗೋಳದ ತಪ್ಪನ್ನು ಬಹುಪಾಲು ಕಳೆಯಬಹುದು. ಯುರೋಪಿನ ಗೆಲಿಲಿಯೊ ಉಪಗ್ರಹ ವ್ಯವಸ್ಥೆ 2023ರ ಜನವರಿಯಿಂದ ಉಚಿತವಾಗಿ ಕೊಡುತ್ತಿರುವ ಹೆಚ್ಚು ನಿಖರತೆಯ ಸೇವೆಯ ಗುರಿ ಎತ್ತರದಲ್ಲಿ 40 ಸೆಂಟಿಮೀಟರ್; ಅದಕ್ಕೆ ತಕ್ಕ ರಿಸೀವರ್ ಬೇಕು. ಭಾರತದ್ದೇ ಸ್ಥಾನಸೂಚಕ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳು ನಮ್ಮ ಆಕಾಶದಲ್ಲಿ ಸದಾ ಕಾಣುವಂತೆ ನೆಲೆಗೊಂಡಿವೆ. ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿರುವ ಇಸ್ರೊ ಕೇಂದ್ರ ಅದರ ಲೆಕ್ಕ ನೋಡಿಕೊಳ್ಳುತ್ತದೆ. ಸಾಮಾನ್ಯ ಚಿಪ್‌ಗಳಿಗೆ ಸುಲಭವಾದ ತರಂಗಾಂತರವನ್ನೂ ಸೇರಿಸಿಕೊಂಡ ಮೊದಲ ಉಪಗ್ರಹ ಎನ್‌ವಿಎಸ್-01 ಹಾರಿದ್ದು 2023ರ ಮೇ 29ರಂದು. ಆದರೆ 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ತಲುಪಲಿಲ್ಲ. ಜಿಪಿಎಸ್‌ಗೆ ಪೂರಕವಾಗಿ ನಾವಿಕ್ ಬಲಗೊಂಡರೆ ಎತ್ತರಕ್ಕೆ ಖಂಡಿತ ಅನುಕೂಲ, ಅದಕ್ಕೆ ಉಪಗ್ರಹಗಳ ಸಂಖ್ಯೆ ಬೇಗ ತುಂಬಬೇಕು.

ಎಲ್ಲವನ್ನೂ ತೂಗಿ ನೋಡಿದಾಗ ನನ್ನ ಅಭಿಪ್ರಾಯ ಇದು. ಸಮುದ್ರ ಮಟ್ಟಕ್ಕೆ ತಿದ್ದಿದ, ತೆರೆದ ಆಕಾಶದಡಿ ಕೆಲವು ನಿಮಿಷ ನಿಂತು ನೋಡಿದ ಉಪಗ್ರಹದ ಎತ್ತರವನ್ನು ಹದಿನೈದು ಮೀಟರ್ ಹೆಚ್ಚು ಕಡಿಮೆ ಎಂದುಕೊಂಡು ನಂಬಬಹುದು. ಘಾಟಿಯಲ್ಲಿ, ಕಾಡಿನಲ್ಲಿ, ಎತ್ತರದ ಕಟ್ಟಡಗಳ ನಡುವೆ ಅದನ್ನು ಇಮ್ಮಡಿ ಮಾಡಿಕೊಳ್ಳಿ. ನಿಮ್ಮ ಸಾಧನದ ಗುಣ ತಿಳಿಯಬೇಕೆಂದರೆ ಮುಂದಿನ ಬಾರಿ ರೈಲು ನಿಲ್ದಾಣಕ್ಕೆ ಹೋದಾಗ ಪ್ಲಾಟ್‌ಫಾರ್ಮಿನ ಹಳದಿ ಫಲಕದ ಪಕ್ಕ ನಿಂತು ಹೋಲಿಸಿ. ವ್ಯತ್ಯಾಸ ಎಂಬತ್ತರ ಮೇಲಿದ್ದರೆ ದೋಷ ಉಪಗ್ರಹದ್ದಲ್ಲ, ಆ್ಯಪ್‌ನದು. ತಯಾರಕರು ಎತ್ತರದ ಪಕ್ಕದಲ್ಲಿ ಅದು ಯಾವುದರಿಂದ ಅಳೆದದ್ದು, ತಪ್ಪಿನ ಮಿತಿ ಎಷ್ಟು ಎಂಬ ಎರಡು ಮಾತು ಬರೆಯುವುದು ಯಾವ ಖರ್ಚೂ ಇಲ್ಲದ ಕೆಲಸ. ಅದನ್ನು ಗ್ರಾಹಕರಾಗಿ ನಾವು ಕೇಳಬೇಕು.

ಕೊನೆಯದಾಗಿ ಒಂದು ವಿನಂತಿ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವಲಯದ ಬಡಾವಣೆಗಳು ಮುಳುಗಿದ್ದನ್ನು ನೋಡಿದವರಲ್ಲಿ, ಸೈಟು ಕೊಳ್ಳುವ ಮುನ್ನ ಫೋನಿನಲ್ಲೋ ಕಾರಿನ ಪರದೆಯಲ್ಲೋ ಎತ್ತರ ನೋಡಿ ಧೈರ್ಯ ತಂದುಕೊಳ್ಳುವವರಿದ್ದಾರೆ. ನೀರು ಯಾವ ಕಡೆ ಹರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಸೆಂಟಿಮೀಟರುಗಳು. ಪರದೆಯ ಅಂಕಿಯ ತಪ್ಪೇ ಹತ್ತಾರು ಮೀಟರ್. ದಯವಿಟ್ಟು ಅದನ್ನು ನಂಬಿ ಮನೆ ಕಟ್ಟಬೇಡಿ. ಸರ್ವೆಯರ್ ಕರೆಸಿ, ಹತ್ತಿರದ ಬೆಂಚ್ ಮಾರ್ಕ್‌ನಿಂದ ಲೆವೆಲ್ ಹಾಕಿಸಿ.